ಪಕ್ಷ ರಾಜಕಾರಣದ ಅತಿರೇಕ ಮತ್ತು ಮಲೆನಾಡಿನ ಮತದಾರರ ಬೇಸರ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ಸೊರಬ, ಶಿಕಾರಿಪುರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಚುನಾವಣೆಯ ಮಾತು ಬಂದಾಗಲೆಲ್ಲ ಜನ ಕೇಳುವ ಕೆಲವು ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಯಾವ ಪಕ್ಷದ ಪರವಾಗಿಯೂ ಇದನ್ನು ಬರೆದಿಲ್ಲ. ಕಾನೂನಿನ ವಿಚಾರ ಬಂದಲ್ಲಿ ಕಾನೂನನ್ನೂ, ಅಭಿಪ್ರಾಯ ಬೇಕಾದಲ್ಲಿ ನನ್ನ ಅಭಿಪ್ರಾಯವನ್ನೂ ಹೇಳಿದ್ದೇನೆ.

ಗಟ್ಟಿಯಾದ ರಾಜಕೀಯ ನಿಲುವೇ ಅತಿರೇಕವೇ? ಎರಡಕ್ಕೂ ವ್ಯತ್ಯಾಸವೇನು?

ಎರಡೂ ಬೇರೆ ಬೇರೆ. ಅದನ್ನು ತಿಳಿಯಲು ನಮ್ಮ ಜಿಲ್ಲೆಯ ಚರಿತ್ರೆಯನ್ನು ನೋಡಿದರೆ ಸಾಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಜಮೀನುದಾರರಿಗೂ ಗೇಣಿದಾರರಿಗೂ ಎದ್ದ ತಕರಾರು ದೊಡ್ಡ ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು, ರಾಮಮನೋಹರ ಲೋಹಿಯಾ ಅವರು ಇಲ್ಲಿಗೇ ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಆಯ್ಕೆಯಾದರು. ಉಳುವವನಿಗೇ ಭೂಮಿ ಸೇರಬೇಕೆಂಬ ಮಾತು ಆ ಕಾಲಕ್ಕೆ ಬಹಳ ತೀವ್ರವಾದ ಮಾತಾಗಿತ್ತು, ಅದನ್ನು ಆಡಿದವರನ್ನು ಉಗ್ರರೆಂದೇ ಕಂಡವರೂ ಇದ್ದರು. ಗೇಣಿದಾರರಲ್ಲಿ ಬಹುತೇಕರು ದೀವರೆಂಬ ಒಂದೇ ಸಮುದಾಯದವರಾಗಿದ್ದುದರಿಂದ ಜಾತಿಯ ಬಿರುಕು ಅಲ್ಲಿ ಇರಲಿಲ್ಲವೆಂದು ಹೇಳಲೂ ಬರುವುದಿಲ್ಲ. ಆದರೆ ಅವರು ಬೇಡಿಕೊಂಡದ್ದು ಒಂದು ಪದ್ಧತಿಯ ಬದಲಾವಣೆಯನ್ನು. ಆ ಬೇಡಿಕೆ ಕಡೆಗೆ ಶಾಸನಸಭೆಯೊಳಗೆ ಹೋಗಿ, ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಾಗಿ ಹೊರಬಂದಿತು. ಅದರಿಂದ ಭೂಮಿ ಕಳೆದುಕೊಂಡವರೂ ಪಡೆದುಕೊಂಡವರೂ ಇಂದಿಗೂ ಅದೇ ಊರುಗಳಲ್ಲಿ ಬದುಕುತ್ತಿದ್ದಾರೆ.

ಅತಿರೇಕ ಹುಟ್ಟುವುದು ಬೇಡಿಕೆ ದೊಡ್ಡದಾದಾಗ ಅಲ್ಲ, ಎದುರಿನವನಿಗೆ ಈ ಊರಿನಲ್ಲಿ, ಈ ದೇಶದಲ್ಲಿ ಇರುವ ಹಕ್ಕೇ ಇಲ್ಲವೆಂದು ಒಂದು ಪಕ್ಷವೋ ಅದರ ಹಿಂಬಾಲಕರೋ ಹೇಳತೊಡಗಿದಾಗ. ತಾನು ಗೆದ್ದರೆ ಮಾತ್ರ ಚುನಾವಣೆ ನ್ಯಾಯವಾದದ್ದು, ತನ್ನವನು ಮಾಡಿದ ತಪ್ಪು ತಪ್ಪೇ ಅಲ್ಲ, ತನ್ನನ್ನು ಪ್ರಶ್ನಿಸುವವನು ದ್ರೋಹಿ ಅಥವಾ ಗುಲಾಮ ಎನ್ನುವ ಮಾತು ಯಾವ ಬಣ್ಣದ ಬಾವುಟದ ಕೆಳಗಿನಿಂದ ಬಂದರೂ ಅದನ್ನು ಅತಿರೇಕವೆಂದೇ ಗುರುತಿಸಬೇಕು.

ಹಾಗಾದರೆ ಎಲ್ಲ ಪಕ್ಷಗಳೂ ಒಂದೇ ಎನ್ನುತ್ತೀರಾ?

ಇಲ್ಲ. ‘ಎಲ್ಲರೂ ಕಳ್ಳರೇ’ ಎಂಬ ಮಾತಿನಿಂದ ಹೆಚ್ಚು ಲಾಭ ಪಡೆಯುವವನು ನಿಜವಾದ ಕಳ್ಳ. ಪಕ್ಷಗಳ ನಡುವೆ ನೀತಿಯಲ್ಲಿ, ನಡತೆಯಲ್ಲಿ, ಅಭ್ಯರ್ಥಿಗಳಲ್ಲಿ ವ್ಯತ್ಯಾಸವಿದೆ, ಕಾಲಕಾಲಕ್ಕೆ ಆ ವ್ಯತ್ಯಾಸ ಬದಲಾಗುವುದೂ ಉಂಟು. ಒಂದು ಪಕ್ಷದವರಿಗೆ ಹಿಡಿದ ಅಳತೆಯನ್ನು ಇನ್ನೊಂದು ಪಕ್ಷದವರಿಗೂ ಹಿಡಿಯುವುದು ಮತದಾರನ ಕೆಲಸ.

ಪಕ್ಷಗಳು ಮಾತಿನಲ್ಲಿ ಇಷ್ಟು ಉಗ್ರವಾಗುವುದು ಏಕೆ?

ಅದು ಅಗ್ಗ ಎಂಬುದೇ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳಿಗೆ ಅವು ನೆಲೆಸಿದ ಜಾಗದ ಹಕ್ಕುಪತ್ರ ಸಿಗುವುದು ಇಷ್ಟು ದಶಕಗಳಾದರೂ ಪೂರ್ತಿಯಾಗಿಲ್ಲ. ಅದನ್ನು ಬಗೆಹರಿಸಲು ಕಂದಾಯ ಇಲಾಖೆ, ಅರಣ್ಯ ಇಲಾಖೆ, ಕೇಂದ್ರದ ಒಪ್ಪಿಗೆ, ನ್ಯಾಯಾಲಯ ಇಷ್ಟನ್ನೂ ದಾಟಬೇಕು, ವರ್ಷಗಟ್ಟಲೆ ಕಡತದ ಹಿಂದೆ ಬೀಳಬೇಕು, ಅಷ್ಟಾದರೂ ಯಶಸ್ಸಿನ ಖಾತರಿಯಿಲ್ಲ. ಬಗರ್‌ಹುಕುಂ ಅರ್ಜಿಗಳ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮಗೊಳಿಸಲು ಕೋರಿದವು) ಕಥೆಯೂ ಅಷ್ಟೆ, ಅಡಿಕೆ ತೋಟಗಳನ್ನು ತಿನ್ನುತ್ತಿರುವ ಎಲೆಚುಕ್ಕೆ ರೋಗದ ಕಥೆಯೂ ಅಷ್ಟೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂತೆಂದರೆ ಕಾಡಂಚಿನ ಮನೆಗಳನ್ನು ಹೆದರಿಸುತ್ತದೆ. ಈ ಯಾವ ಕೆಲಸವೂ ಒಂದು ಭಾಷಣದಿಂದ ಆಗುವುದಿಲ್ಲ. ಆದರೆ ಒಂದು ಕೋಮನ್ನೋ ಜಾತಿಯನ್ನೋ ಇನ್ನೊಂದರ ಮೇಲೆ ಎತ್ತಿಕಟ್ಟಲು ಒಂದು ಭಾಷಣ, ಒಂದು ಫ್ಲೆಕ್ಸ್, ಮೊಬೈಲಿನಲ್ಲಿ ಹರಿದಾಡುವ ಅರ್ಧ ನಿಮಿಷದ ಒಂದು ವಿಡಿಯೊ ಸಾಕು.

ಚುನಾವಣೆಯ ಲೆಕ್ಕಾಚಾರವೂ ಇದಕ್ಕೆ ಒದಗಿಬರುತ್ತದೆ. ನಮ್ಮ ಪದ್ಧತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದವರಿಗಿಂತ ಒಂದು ಮತ ಹೆಚ್ಚು ಬಂದರೆ ಗೆದ್ದಂತೆ. ತ್ರಿಕೋನ ಸ್ಪರ್ಧೆಯಿರುವ ಕ್ಷೇತ್ರದಲ್ಲಿ ನೂರಕ್ಕೆ ಮೂವತ್ತೈದು, ನಲವತ್ತು ಮತಗಳನ್ನು ಬಿಗಿಯಾಗಿ ಹಿಡಿದುಕೊಂಡವನು ಉಳಿದವರ ಮನವೊಲಿಸುವ ಗೋಜಿಗೇ ಹೋಗಬೇಕಿಲ್ಲ. ಟಿಕೆಟ್ ಹಂಚುವುದು ಕ್ಷೇತ್ರದ ಸದಸ್ಯರಲ್ಲ, ಹೈಕಮಾಂಡ್. ಹೀಗಾಗಿ ಸ್ಥಳೀಯ ನಾಯಕನಿಗೆ ಊರಿನವರ ಮೆಚ್ಚುಗೆಗಿಂತ ಮೇಲಿನವರ ಕಣ್ಣಿಗೆ ಬೀಳುವುದೇ ಮುಖ್ಯವಾಗುತ್ತದೆ, ಹದವಾಗಿ ಮಾತನಾಡುವವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ಬೆಲೆಯನ್ನು ಯಾರು ತೆರುತ್ತಾರೆ?

ಶಿವಮೊಗ್ಗ ನಗರದವರಿಗೆ ಇದಕ್ಕೆ ವಿವರಣೆ ಬೇಕಿಲ್ಲ. 2022ರ ಫೆಬ್ರವರಿಯಲ್ಲಿ ಒಬ್ಬ ಯುವಕನ ಕೊಲೆಯಾದಾಗ, ಅದೇ ವರ್ಷದ ಆಗಸ್ಟ್‌ನಲ್ಲಿ ಅಮೀರ್ ಅಹ್ಮದ್ ವೃತ್ತದಲ್ಲಿ ಫ್ಲೆಕ್ಸ್ ವಿವಾದವಾದಾಗ, 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾದಾಗ ನಿಷೇಧಾಜ್ಞೆ ಹೇರಲಾಯಿತು. ಇಂಥ ದಿನಗಳಲ್ಲಿ ಅಂಗಡಿ ಬಾಗಿಲು ಹಾಕಿದವನ ಬಾಡಿಗೆ ನಿಲ್ಲುವುದಿಲ್ಲ, ದಿನಗೂಲಿಯವನಿಗೆ ಆ ದಿನದ ಕೂಲಿ ಹೋಯಿತೆಂದೇ ಅರ್ಥ, ತಳ್ಳುಗಾಡಿಯವಳು ತಂದ ಸೊಪ್ಪು ಸಂಜೆಗೆ ಬಾಡಿರುತ್ತದೆ. ಕೇಸು ದಾಖಲಾದ ಹುಡುಗರು, ಅವರು ಯಾವ ಕೋಮಿನವರೇ ಆಗಲಿ, ಉದ್ಯೋಗಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವಾಗ ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅವರನ್ನು ಹುರಿದುಂಬಿಸಿದವರಲ್ಲಿ ಎಷ್ಟು ಮಂದಿ ಅವರ ವಕೀಲರ ಶುಲ್ಕ ಕಟ್ಟಿದ್ದಾರೆಂದು ಆ ತಾಯಂದಿರನ್ನೇ ಕೇಳಬೇಕು.

ಹಳ್ಳಿಯ ಕಡೆ ಬೆಲೆ ಬೇರೆ ರೂಪದಲ್ಲಿ ಬರುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಎರಡು ಮನೆಗಳ ನಡುವೆ ಮುಯ್ಯಾಳಿನ ಲೆಕ್ಕ ತಲೆಮಾರುಗಳಿಂದ ನಡೆದುಬಂದಿತ್ತು. ಇವರ ನಾಟಿಗೆ ಅವರು, ಅವರ ಕೊಯ್ಲಿಗೆ ಇವರು. ಚುನಾವಣೆಯೊಂದರ ಹೊತ್ತಿಗೆ ವಾಟ್ಸಾಪಿನಲ್ಲಿ ಒಬ್ಬರು ಹಾಕಿದ ಮಾತು ಇನ್ನೊಬ್ಬರಿಗೆ ನೋವಾಗಿ, ಉತ್ತರಕ್ಕೆ ಪ್ರತ್ಯುತ್ತರವಾಗಿ, ಆ ವರ್ಷದ ಅಡಿಕೆ ಕೊಯ್ಲಿಗೆ ಆಚೆಮನೆಯವರು ಬರಲಿಲ್ಲ. ಕೊನೆಗಾರ ಮರದಿಂದ ಇಳಿಸಿದ ಗೊನೆಗಳು ಅಂಗಳದಲ್ಲಿ ಬಿದ್ದಿದ್ದವು, ಸುಲಿಯಲು ಆಳು ಸಿಗದೆ ಹಸಿ ಅಡಿಕೆಯನ್ನು ಕೇಳಿದ ದರಕ್ಕೆ ಚೇಣಿದಾರರಿಗೆ (ಫಸಲನ್ನು ಗುತ್ತಿಗೆಗೆ ಕೊಳ್ಳುವವರಿಗೆ) ಕೊಡಬೇಕಾಯಿತು. ಅವರಿಬ್ಬರೂ ಯಾರಿಗಾಗಿ ಜಗಳವಾಡಿದರೋ ಆ ಅಭ್ಯರ್ಥಿಗಳು ಮುಂದಿನ ತಿಂಗಳು ಒಂದು ಮದುವೆಯಲ್ಲಿ ಅಕ್ಕಪಕ್ಕ ಕುಳಿತು ಊಟ ಮಾಡಿದರು. ಅವರು ಕುಳಿತದ್ದು ತಪ್ಪೆಂದು ನಾನು ಹೇಳುವುದಿಲ್ಲ, ರಾಜಕೀಯ ಎದುರಾಳಿಗಳು ಹಾಗೆ ಕೂರುವುದು ಒಳ್ಳೆಯದೇ. ಅಷ್ಟು ಸೌಜನ್ಯವನ್ನು ತಮ್ಮ ಕಾರ್ಯಕರ್ತರಿಗೂ ಕಲಿಸದೆ ಹೋದದ್ದು ಮಾತ್ರ ತಪ್ಪು.

ಜನ ನಿಜವಾಗಿಯೂ ಬೇಸತ್ತಿದ್ದರೆ ಮಲೆನಾಡಿನಲ್ಲಿ ಮತದಾನ ಇಷ್ಟು ಹೆಚ್ಚು ಏಕೆ?

2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತಲೂ ಹೆಚ್ಚು ಮತದಾರರು ಮತ ಹಾಕಿದರು, ಬೆಂಗಳೂರು ನಗರದ ಕ್ಷೇತ್ರಗಳಲ್ಲಿ ಅದು ಅರ್ಧದ ಆಸುಪಾಸಿನಲ್ಲಿತ್ತು. ನಮ್ಮಲ್ಲಿ ಬೇಸತ್ತವನು ಮತಗಟ್ಟೆಗೆ ಹೋಗದೆ ಉಳಿಯುವುದಿಲ್ಲ. ಹೋಗಿ, ಮತ ಹಾಕಿ, ಬಂದ ಮೇಲೆ ಮುಂದಿನ ಐದು ವರ್ಷ ಏನನ್ನೂ ಕೇಳದೆ ಉಳಿಯುತ್ತಾನೆ. ಗ್ರಾಮಸಭೆಗೆ ಬರುವುದಿಲ್ಲ, ಶಾಸಕರು ಊರಿಗೆ ಬಂದರೆ ಹಾರ ಹಾಕುವ ಗುಂಪಿನ ಹಿಂದೆ ನಿಂತು ಮನೆಗೆ ಹೋಗುತ್ತಾನೆ, ‘ಹೇಳಿ ಏನು ಪ್ರಯೋಜನ’ ಎನ್ನುತ್ತಾನೆ. ಮತದಾನದ ಪ್ರಮಾಣವನ್ನು ನೋಡಿ ಪ್ರಜಾಪ್ರಭುತ್ವ ಆರೋಗ್ಯವಾಗಿದೆ ಎಂದುಕೊಳ್ಳುವವರಿಗೆ ಈ ಮೌನ ಕಾಣಿಸುವುದಿಲ್ಲ. ಹದವಾಗಿ ಯೋಚಿಸುವವರು ಹೀಗೆ ಹಿಂದೆ ಸರಿದಷ್ಟೂ ಸಭೆಯಲ್ಲಿ ಗಂಟಲು ದೊಡ್ಡದಿರುವವನೊಬ್ಬನೇ ಉಳಿಯುತ್ತಾನೆ, ಪಕ್ಷವೂ ಅವನ ಮಾತನ್ನೇ ಊರಿನ ಮಾತೆಂದು ತಿಳಿಯುತ್ತದೆ. ಅತಿರೇಕಕ್ಕೆ ನಮ್ಮ ಬೇಸರವೇ ಹೀಗೆ ಗೊಬ್ಬರವಾಗುತ್ತಿದೆ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ನಾವು ಒಂದು ಚಿಹ್ನೆಗೆ ಮತ ಹಾಕಿದರೆ ಗೆದ್ದವರು ಇನ್ನೊಂದು ಪಕ್ಷಕ್ಕೆ ಹೋಗುತ್ತಾರೆ. ಪಕ್ಷಾಂತರ ನಿಷೇಧ ಕಾಯ್ದೆ ಇದ್ದೂ ಇದು ಹೇಗೆ ಸಾಧ್ಯ?

ಬೇಸರಕ್ಕೆ ಜನ ಕೊಡುವ ಮೊದಲ ಕಾರಣ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಸಂವಿಧಾನದ 52ನೇ ತಿದ್ದುಪಡಿಯ ಮೂಲಕ 1985ರಲ್ಲಿ ಹತ್ತನೇ ಅನುಸೂಚಿ ಸೇರ್ಪಡೆಯಾಯಿತು. ಗೆದ್ದ ಪಕ್ಷವನ್ನು ಸ್ವಇಚ್ಛೆಯಿಂದ ತೊರೆದವರು, ಪಕ್ಷದ ವಿಪ್ (ಸದನದಲ್ಲಿ ಹೀಗೆಯೇ ಮತ ಹಾಕಬೇಕೆಂಬ ಆದೇಶ) ಉಲ್ಲಂಘಿಸಿ ಮತ ಹಾಕಿದವರು ಅದರಂತೆ ಅನರ್ಹರಾಗುತ್ತಾರೆ. ಮೊದಲು ಮೂರನೇ ಒಂದರಷ್ಟು ಶಾಸಕರು ಒಟ್ಟಿಗೆ ಹೊರಬಂದರೆ ಅದನ್ನು ‘ವಿಭಜನೆ’ ಎಂದು ಒಪ್ಪುವ ಅವಕಾಶವಿತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಮೂರನೇ ಎರಡರಷ್ಟು ಸದಸ್ಯರು ಒಪ್ಪಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಮಾತ್ರ ವಿನಾಯಿತಿ.

ಕರ್ನಾಟಕ ಕಂಡುಕೊಂಡ ದಾರಿ ರಾಜೀನಾಮೆಯದು. ಪಕ್ಷ ಬಿಡುವ ಬದಲು ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಸದನದ ಬಲ ಕುಗ್ಗಿಸಿ, ಸರ್ಕಾರ ಉರುಳಿದ ಮೇಲೆ ಹೊಸ ಪಕ್ಷದಿಂದ ಉಪಚುನಾವಣೆಗೆ ನಿಲ್ಲುವುದು. 2019ರಲ್ಲಿ ಹೀಗೆ ಹೊರನಡೆದ 17 ಶಾಸಕರನ್ನು ಅಂದಿನ ಸಭಾಧ್ಯಕ್ಷರು ಅನರ್ಹಗೊಳಿಸಿದರು. ಆ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೂ ಅವರು ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ಒಪ್ಪಲಿಲ್ಲ. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು 12ರಲ್ಲಿ ಬಿಜೆಪಿ ಗೆದ್ದಿತು, ಮರಳಿ ಸ್ಪರ್ಧಿಸಿದ ಅನರ್ಹರಲ್ಲಿ ಹೆಚ್ಚಿನವರು ಆಯ್ಕೆಯಾದರು. ರೆಸಾರ್ಟುಗಳಲ್ಲಿ ಶಾಸಕರನ್ನು ಕೂಡಿಹಾಕುವ ಪದ್ಧತಿಯನ್ನು ಮೂರೂ ಪಕ್ಷಗಳು ಬೇರೆ ಬೇರೆ ಸಂದರ್ಭಗಳಲ್ಲಿ ಬಳಸಿವೆ.

ಇಲ್ಲಿ ಮತದಾರರಾದ ನಮ್ಮ ಪಾಲನ್ನೂ ಹೇಳದಿದ್ದರೆ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಎಸ್. ಬಂಗಾರಪ್ಪನವರು ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ಅವರು ಪ್ರತಿಸಲವೂ ಜನರ ಮುಂದೆ ಬಂದು ಮತ ಕೇಳಿ ಗೆದ್ದವರು, ಅದನ್ನು ಹಿಂಬಾಗಿಲಿನ ಪಕ್ಷಾಂತರದ ಜೊತೆ ಸೇರಿಸುವುದು ನ್ಯಾಯವಲ್ಲ. ಆದರೂ ಈ ಜಿಲ್ಲೆಯ ದೊಡ್ಡದೊಂದು ಮತದಾರ ವರ್ಗ ಪಕ್ಷಕ್ಕಿಂತ ವ್ಯಕ್ತಿಯನ್ನು ನಂಬಿ ಮತ ಹಾಕಿದೆ ಎಂಬುದು ಇದರಿಂದ ಸ್ಪಷ್ಟ. ಪಕ್ಷಾಂತರಿಗಳಿಗೆ ಧೈರ್ಯ ಬರುವುದೂ ಈ ಅಭ್ಯಾಸದಿಂದಲೇ.

ಕಾಯ್ದೆಯಲ್ಲಿ ಇನ್ನೊಂದು ದೋಷವಿದೆ, ಅದರ ಚರ್ಚೆ ಕಡಿಮೆ. ವಿಪ್ ಎಂಬುದು ವಿಶ್ವಾಸಮತಕ್ಕೋ ಬಜೆಟ್ಟಿಗೋ ಸೀಮಿತವಾಗಿಲ್ಲ. ಮಲೆನಾಡಿಗೆ ಹಾನಿಯಾಗುವ ಮಸೂದೆಯೊಂದು ಬಂದರೆ ನಮ್ಮ ಶಾಸಕರು ಅದರ ವಿರುದ್ಧ ಮತ ಹಾಕಲು ಹೊರಟು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಣಕ್ಕಾಗಿ ಹೋಗುವವನಿಗೆ ರಾಜೀನಾಮೆಯ ದಾರಿ ತೆರೆದಿದೆ, ಆತ್ಮಸಾಕ್ಷಿಯಿಂದ ಭಿನ್ನಮತ ಹೇಳುವವನಿಗೆ ಬಾಗಿಲು ಮುಚ್ಚಿದೆ. ಇದು ತಲೆಕೆಳಗಾಗಬೇಕು.

ನೋಟಾ (‘ಮೇಲಿನ ಯಾರೂ ಅಲ್ಲ’) ಒತ್ತಿದರೆ ಏನಾಗುತ್ತದೆ?

ನಿಮ್ಮ ಅಸಮ್ಮತಿ ಗುಟ್ಟಾಗಿ ದಾಖಲಾಗುತ್ತದೆ, ಫಲಿತಾಂಶ ಬದಲಾಗುವುದಿಲ್ಲ. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಕೊಟ್ಟ ತೀರ್ಪಿನ ನಂತರ ಮತಯಂತ್ರದಲ್ಲಿ ಈ ಗುಂಡಿ ಬಂದಿತು. ಅದಕ್ಕೂ ಮೊದಲು ಯಾರಿಗೂ ಮತ ಹಾಕದಿರಲು ಮತಗಟ್ಟೆಯ ಅಧಿಕಾರಿಯ ಮುಂದೆ ಹೇಳಿ ಬರೆಸಬೇಕಾಗಿತ್ತು, ಸಣ್ಣ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಾಗುತ್ತಿತ್ತು. ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ನಂತರದ ಸ್ಥಾನದ ಅಭ್ಯರ್ಥಿಯೇ ಗೆಲ್ಲುತ್ತಾನೆ. ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಪಾಲನ್ನು ಲೆಕ್ಕ ಹಾಕುವಾಗಲೂ ನೋಟಾ ಮತಗಳು ಸೇರುವುದಿಲ್ಲ. 2024ರಲ್ಲಿ ಮಧ್ಯಪ್ರದೇಶದ ಇಂದೋರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು, ಆಯ್ಕೆ ಮಾತ್ರ ಎಂದಿನಂತೆ ನಡೆಯಿತು. ಹಾಗೆಂದು ನೋಟಾ ಒತ್ತಿದವರನ್ನು ಹೀಗಳೆಯುವುದು ಸಲ್ಲ. ಎಲ್ಲ ಅಭ್ಯರ್ಥಿಗಳ ವಿವರ ಓದಿದ ಮೇಲೂ ಯಾರೂ ಒಪ್ಪಿಗೆಯಾಗದಿದ್ದರೆ ಅದು ಗೌರವದ ತೀರ್ಮಾನ.

ಊರಿಗೆ ಊರೇ ಮತದಾನ ಬಹಿಷ್ಕರಿಸುವುದು ಸರಿಯೇ?

ರಸ್ತೆ, ಕಾಲುಸಂಕ, ಮೊಬೈಲ್ ನೆಟ್‌ವರ್ಕ್ ಇಲ್ಲದ ಹಳ್ಳಿಗಳು ‘ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲ’ ಎಂದು ಬ್ಯಾನರ್ ಕಟ್ಟಿದ್ದನ್ನು ಮಲೆನಾಡು ಕಂಡಿದೆ. ಸಾಮಾನ್ಯವಾಗಿ ಅಂಥ ಕಡೆ ತಹಶೀಲ್ದಾರರು ಬಂದು ಮಾತುಕತೆ ನಡೆಸುತ್ತಾರೆ. ಬೇರೆ ಯಾವ ರೀತಿಯಲ್ಲೂ ಬಾರದ ಅಧಿಕಾರಿಗಳನ್ನು ಊರಿಗೆ ಕರೆಸಲು ಆ ಎಚ್ಚರಿಕೆ ಒಂದು ಉಪಾಯವಾಗಬಹುದು, ಅದನ್ನು ನಾನು ತಪ್ಪೆನ್ನಲಾರೆ. ನಿಜವಾಗಿಯೂ ಮತ ಹಾಕದೆ ಉಳಿದರೆ ಮಾತ್ರ ಮುಂದಿನ ಸಲ ಯಾವ ಅಭ್ಯರ್ಥಿಯ ಲೆಕ್ಕದಲ್ಲೂ ಆ ಊರು ಇರುವುದಿಲ್ಲ.

ಇನ್ನೊಂದು ಬಗೆಯ ಬಹಿಷ್ಕಾರವನ್ನೂ ಪಶ್ಚಿಮ ಘಟ್ಟದ ಕಾಡುಗಳು ಕಂಡಿವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವ ಭೀತಿಯಿಂದ ಕಂಗೆಟ್ಟಿದ್ದ ಜನರ ನಡುವೆ ನಕ್ಸಲ್ ಚಳವಳಿ ನೆಲೆ ಹುಡುಕಿತು, ಚುನಾವಣೆಯೇ ಮೋಸವೆಂದು ಹೇಳಿತು. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು, ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಹತ್ಯೆಯಾಯಿತು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅಷ್ಟು ವರ್ಷಗಳಲ್ಲಿ ಎರಡೂ ಕಡೆ ಹೆಣಗಳು ಬಿದ್ದವು, ಕಾಡಿನ ಮನೆಗಳಿಗೆ ಹಕ್ಕುಪತ್ರ ಬರಲಿಲ್ಲ. ಮೂಲದ ಅಹವಾಲು ನಿಜವಾದದ್ದೇ ಆಗಿತ್ತು ಎಂಬುದನ್ನು ಸರ್ಕಾರಗಳು ಮರೆಯಬಾರದು.

ಪಕ್ಷೇತರರಿಗೆ ಮತ ಹಾಕುವುದು ಮತ ಹಾಳುಮಾಡಿದಂತೆಯೇ?

ಅಲ್ಲ. ಆದರೆ ‘ಪಕ್ಷೇತರ’ ಎಂದಾಕ್ಷಣ ಶುದ್ಧನೆಂದು ತಿಳಿಯಬೇಡಿ. ಟಿಕೆಟ್ ತಪ್ಪಿದ ಬಂಡಾಯ ಅಭ್ಯರ್ಥಿಯೂ ಆ ಪಟ್ಟಿಯಲ್ಲೇ ಇರುತ್ತಾನೆ.

ಪಕ್ಷದ ಸದಸ್ಯರಾಗುವುದೇ ತಪ್ಪೇ?

ಖಂಡಿತ ಅಲ್ಲ. ಹದವಾದ ಮನಸ್ಸಿನವರು ಪಕ್ಷಗಳೊಳಗೆ ಇನ್ನೂ ಹೆಚ್ಚು ಹೋಗಬೇಕು, ಅಲ್ಲಿ ಸಂಘಟನಾ ಚುನಾವಣೆ ಕೇಳಬೇಕು, ಟಿಕೆಟ್ ಯಾರಿಗೆ, ಏಕೆ ಎಂದು ಕೇಳಬೇಕು.

ಸಂವಿಧಾನವನ್ನು ಗೌರವಿಸದ ಪಕ್ಷದ ನೋಂದಣಿಯನ್ನು ಚುನಾವಣಾ ಆಯೋಗ ರದ್ದು ಮಾಡಬಹುದೇ?

ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ನೋಂದಣಿಯಾಗುವ ಪ್ರತಿ ಪಕ್ಷವೂ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ ತೋರುವುದಾಗಿ ಬರೆದುಕೊಡಬೇಕು. ಆದರೆ ಆ ಮಾತನ್ನು ಮುರಿದರೆಂಬ ಕಾರಣಕ್ಕೆ ನೋಂದಣಿ ರದ್ದುಪಡಿಸುವ ಸಾಮಾನ್ಯ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅಂಥ ಅಧಿಕಾರವನ್ನು ಕೊಡಬೇಕೆಂಬ ವಾದಕ್ಕೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಇವತ್ತಿನ ಆಳುವ ಪಕ್ಷ ನಾಳಿನ ವಿರೋಧ ಪಕ್ಷವನ್ನು ಅಳಿಸಲು ಅದನ್ನೇ ಬಳಸಬಹುದು.

ಗ್ರಾಮ ಪಂಚಾಯಿತಿಯಲ್ಲಾದರೂ ಪಕ್ಷವನ್ನು ಹೊರಗಿಡಲು ಸಾಧ್ಯವೇ?

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಆದರೂ ಫಲಿತಾಂಶ ಬಂದ ಸಂಜೆಯೇ ‘ನಮ್ಮ ಬೆಂಬಲಿತರು ಇಷ್ಟು ಜನ’ ಎಂದು ಪಕ್ಷಗಳು ಪಟ್ಟಿ ಬಿಡುಗಡೆ ಮಾಡುತ್ತವೆ, ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ಯುತ್ತವೆ. ಪಕ್ಷದ ಚಿಹ್ನೆಯ ಮೇಲೆ ನಡೆಯಬೇಕಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಗಳ ಸ್ಥಿತಿ ಇದಕ್ಕಿಂತ ಕೆಟ್ಟದ್ದು. 2016ರಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಎರಡು ಪಕ್ಷಗಳ ಸರ್ಕಾರಗಳ ಕಾಲದಲ್ಲೂ ಹೀಗೆಯೇ ಆಯಿತು.

ಹೀಗಾಗಿ ನಮ್ಮ ಕೈಯಲ್ಲಿ ಉಳಿದಿರುವ ಜಾಗ ಗ್ರಾಮಸಭೆ. ಅಲ್ಲಿ ಪಕ್ಷದ ಹೆಸರೆತ್ತದೆ ಒಂದೇ ವಿಷಯ ಹಿಡಿದು ಹೋಗಿ. ನಿಮ್ಮ ಗ್ರಾಮದಲ್ಲಿ ನಮೂನೆ 57ರ ಎಷ್ಟು ಬಗರ್‌ಹುಕುಂ ಅರ್ಜಿಗಳು ಬಾಕಿ ಇವೆ, ಯಾವ ಕಾರಣಕ್ಕೆ ಬಾಕಿ ಇವೆ ಎಂದು ಬರಹದಲ್ಲಿ ಕೇಳಿ, ನಿಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿಯೇ ಸಹಿ ಮಾಡಿ. ಅರ್ಜಿದಾರರಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. ಅವರು ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

ಅಭ್ಯರ್ಥಿಯ ಬಗ್ಗೆ ತಿಳಿಯುವುದು ಹೇಗೆ?

ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ನಮೂನೆ 26ರಲ್ಲಿ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳ ಬಗ್ಗೆ ಪ್ರಮಾಣಪತ್ರ ಸಲ್ಲಿಸಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಅದಕ್ಕೆ ಕಾರಣವನ್ನೂ ಪಕ್ಷ ಪ್ರಕಟಿಸಬೇಕು, ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಲಾರದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಆದೇಶಿಸಿದೆ. ಹಿಂದಿನ ಚುನಾವಣೆಯ ಪ್ರಮಾಣಪತ್ರವನ್ನೂ ಪಕ್ಕದಲ್ಲಿಟ್ಟು ಓದಿ, ಐದು ವರ್ಷಗಳಲ್ಲಿ ಆಸ್ತಿ ಎಷ್ಟು ಬೆಳೆದಿದೆ ಎಂಬುದು ಕಾಣುತ್ತದೆ.

ಭಾಷಣದಲ್ಲಿ ದ್ವೇಷ ಬಿತ್ತಿದರೆ, ಜಾತಿ ಧರ್ಮದ ಹೆಸರಿನಲ್ಲಿ ಮತ ಕೇಳಿದರೆ ದೂರು ಕೊಡುವುದು ಎಲ್ಲಿ?

ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಅಡಿ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ, ಜಾತಿ ಮಾತ್ರವಲ್ಲ, ಮತದಾರರ ಧರ್ಮ, ಜಾತಿಯ ಹೆಸರೆತ್ತಿ ಕೇಳಿದರೂ ಅದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ಹೇಳಿತು. ಚುನಾವಣೆಗಾಗಿ ವರ್ಗಗಳ ನಡುವೆ ವೈರ ಹುಟ್ಟಿಸುವುದು 125ನೇ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ.

ನೀತಿಸಂಹಿತೆ ಜಾರಿಯಲ್ಲಿರುವಾಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಿಂದಲೇ ಫೋಟೊ ಅಥವಾ ವಿಡಿಯೊ ಕಳಿಸಬಹುದು, 100 ನಿಮಿಷಗಳೊಳಗೆ ಕ್ರಮದ ವಿವರ ಸಿಗಬೇಕು. ಸಹಾಯವಾಣಿ ಸಂಖ್ಯೆ 1950ಕ್ಕೆ ಕರೆಯನ್ನೂ ಮಾಡಬಹುದು. ಭಾಷಣದ ವಿಡಿಯೊವನ್ನು ತುಂಡು ಮಾಡದೆ ಪೂರ್ತಿ ಇಟ್ಟುಕೊಳ್ಳಿ, ದಿನಾಂಕ, ಸಮಯ, ಸ್ಥಳ ಬರೆದಿಡಿ, ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನೀವು ಮೆಚ್ಚುವ ಪಕ್ಷದ ಭಾಷಣಕಾರ ಹಾಗೆ ಮಾತನಾಡಿದ್ದರೆ ದೂರನ್ನು ನೀವೇ ಕೊಡಿ. ಎದುರು ಪಕ್ಷದವರು ಕೊಟ್ಟ ದೂರನ್ನು ರಾಜಕೀಯವೆಂದು ತಳ್ಳಿಹಾಕುವುದು ಸುಲಭ, ನಿಮ್ಮದನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.